ಬಾಣಂತಿಗೊಂದು ಬರ್ಗರ್

ಸುರಪುರ

ಗ್ರೀಸಿಗೆ ಹೋಗಿ ಬಂದಾಗಿನಿಂದ ನನ್ನ ಖಾನಾವಳಿಗೆ ಊಟಕ್ಕೆ ಬರುವವರೆಲ್ಲ ಕೇಳುವುದು ಒಂದೇ ಮಾತು: “ಭೀಮವ್ವಾರ, ಅಲ್ಲಿ ಏನೇನ್ ನೋಡಿ ಬಂದ್ರಿ?”

ಅಲ್ಲಿಯ ಅಥೆನ್ಸ್ ಎಂಬ ಊರಲ್ಲಿ ಬೆಟ್ಟದ ಮೇಲೆ ಕಲ್ಲುಕಂಬಗಳ ಹಳೆಯ ಗುಡಿ ಇದೆಯಂತೆ. ಅದನ್ನು ನೋಡಲೆಂದೇ ಜನ ಸಮುದ್ರ ದಾಟಿ ಬರುತ್ತಾರಂತೆ. ನಮ್ಮ ಬಸ್ಸು ಆ ಊರನ್ನು ಹಾಯ್ದು ಹೋಗುವಾಗ ನನಗೆ ಗಾಢ ನಿದ್ದೆ. ಎರಡು ತಿಂಗಳಲ್ಲಿ ನಾನು ಕಣ್ಣು ಬಿಟ್ಟು ನೋಡಿದ್ದು ಎರಡು ಅಡುಗೆಮನೆ, ಒಂದು ಮಾಂಸದಂಗಡಿ, ನಡುವೆ ಒಂದು ಏರುರಸ್ತೆ. ಆದರೂ ಬರೆಯಲು ಕೂತಿದ್ದೇನೆ. ಇದನ್ನೆಲ್ಲ ಬರೆಯಬೇಡ ಎಂದವರೂ ಇದ್ದಾರೆ. ಅವರ ಮಾತು ಕೇಳಿಸಿಕೊಂಡೇ ಬರೆಯುತ್ತಿದ್ದೇನೆ.

ನಾವು ಕೃಷ್ಣಾ ದಂಡೆಯವರು. ಅಪ್ಪ ಮೀನು ಹಿಡಿಯುತ್ತಿದ್ದ, ಹರಗೋಲು ಹಾಕುತ್ತಿದ್ದ, ಜೊತೆಗೆ ಎರಡೆಕರೆ ಹೊಲ ಮಾಡುತ್ತಿದ್ದ. ಅವನಿಗೆ ನಾವಿಬ್ಬರೇ ಹೆಣ್ಣುಮಕ್ಕಳು. ನಾನು ಗಂಡ ತೀರಿದ ಮೇಲೆ ಸುರಪುರದಲ್ಲಿ ಖಾನಾವಳಿ ಇಟ್ಟೆ. ತಂಗಿ ಸಾಬವ್ವನನ್ನು ಶಹಾಪುರ ತಾಲ್ಲೂಕಿನ ಸಗರಕ್ಕೆ ಕೊಟ್ಟಿದ್ದೇವೆ. ಅವಳ ಮಗಳು ರೇಣುಕಾ ನರ್ಸಾಗಿ ಕುವೈತಿಗೆ ಹೋದಳು. ಕಾಲು ಮುರಿದುಕೊಂಡು ಅವಳ ಆಸ್ಪತ್ರೆಗೆ ಬಂದ ನಿಕೋಸ್ ಎಂಬ ಗ್ರೀಕ್ ಹುಡುಗ, ಹಡಗಿನಲ್ಲಿ ಕರೆಂಟಿನ ಕೆಲಸದವನು, ಪ್ಲಾಸ್ಟರ್ ತೆಗೆಯುವ ಹೊತ್ತಿಗೆ ಮದುವೆಯ ಮಾತು ಎತ್ತಿದ್ದ. ಸಗರದಲ್ಲಿಯೇ ಅಕ್ಕಿಕಾಳು ಹಾಕಿ ಮದುವೆ ಮಾಡಿದೆವು. ಈಗ ಅವರಿರುವುದು ವೋಲೋಸ್ ಎಂಬ ಸಮುದ್ರದ ಊರಲ್ಲಿ.

ಬಾಣಂತನಕ್ಕೆ ತಾಯಿಯೇ ಹೋಗಬೇಕಿತ್ತು. ಆದರೆ ಸಾಬವ್ವನ ಹೆಸರು ಒಂದೊಂದು ಕಾಗದದಲ್ಲಿ ಒಂದೊಂದು ಥರ ಇತ್ತು. ಅದು ಸರಿಹೋಗಿ ಪಾಸ್‌ಪೋರ್ಟ್ ಬರುವಷ್ಟರಲ್ಲಿ ಕೂಸು ನಡೆದಾಡುತ್ತದೆ ಎಂದು ನಾನೇ ಹೊರಟೆ. ಖಾನಾವಳಿಗೆ ಬೀಗ ಹಾಕಿದೆ.

ಯಾದಗಿರಿ ಸ್ಟೇಷನ್ನಿಂದ ಅಥೆನ್ಸ್

ಹೈದರಾಬಾದಿನ ರೈಲು ಹತ್ತಿಸಲು ಸಾಬವ್ವ ಯಾದಗಿರಿ ಸ್ಟೇಷನ್ನಿಗೆ ಬಂದಿದ್ದಳು. ಕಿಟಕಿಯ ಸರಳು ಹಿಡಿದು, “ಅಕ್ಕಾ, ನನ್ನ ಬದಲಿ ಹೊಂಟೀದಿ. ಅಕಿ ಹೊಟ್ಟಿ ತುಂಬ ಉಣ್ಣಂಗ ಮಾಡು. ಇನ್ನೇನೂ ಕೇಳೂದಿಲ್ಲ” ಅಂದಳು.

ನನ್ನ ಚೀಲದಲ್ಲಿ ಬಾಣಂತಿಗೆಂದು ಕಟ್ಟಿದ ಅಂಟಿನ ಉಂಡಿ, ಖಾರಿಕ, ಒಣಕೊಬ್ಬರಿ, ಅಜಿವಾನ ಅಂದರೆ ಓಮ, ಗರಿಗರಿ ಕಟಕರೊಟ್ಟಿ. ಅಥೆನ್ಸಿನಲ್ಲಿ ಅಧಿಕಾರಿಯೊಬ್ಬ ಚೀಲ ಬಿಚ್ಚಿಸಿದ. ಉಂಡಿಯೊಂದನ್ನು ಎತ್ತಿ ದೀಪಕ್ಕೆ ಹಿಡಿದು ನೋಡಿದ. ಏನೆಂದು ಹೇಳಲು ನನಗೆ ಭಾಷೆಯಿಲ್ಲ. ಅವನ ಕೈಯಿಂದ ತೆಗೆದುಕೊಂಡು ಅಲ್ಲೇ ಕಟಂ ಎಂದು ಕಡಿದು ತಿಂದೆ. ಆಮೇಲೆ ಎರಡು ತೋಳನ್ನು ಕೂಸು ತೂಗುವ ಹಾಗೆ ಆಡಿಸಿದೆ. ಅವನು ನಕ್ಕು ಚೀಲ ಮುಚ್ಚಿ ಕೈಸನ್ನೆ ಮಾಡಿ ಕಳಿಸಿಬಿಟ್ಟ.

ನಿಕೋಸ್ ಕರೆಯಲು ಬಂದಿದ್ದ. ಬಸ್ಸಿನಲ್ಲಿ ನನಗೆ ಎಚ್ಚರವಾದಾಗಲೆಲ್ಲ ಅವನು ಫೋನಿನಲ್ಲಿ “ನೆ, ನೆ, ನೆ” ಎನ್ನುತ್ತಲೇ ಇದ್ದ. ನಮ್ಮ ಕಡೆ ಉರ್ದು ಮಾತಾಡುವವರು ‘ನೈ’ ಎಂದರೆ ಇಲ್ಲ ಎಂದರ್ಥ. ಪಾಪ, ಹುಡುಗ ಯಾರೊಂದಿಗೋ ಜಗಳಾಡುತ್ತಿದ್ದಾನೆ, ಏನು ಕೇಳಿದರೂ ಒಲ್ಲೆ ಎನ್ನುತ್ತಿದ್ದಾನೆ ಅಂದುಕೊಂಡೆ. ಮನೆ ಮುಟ್ಟಿದ ಮೇಲೆ ರೇಣುಕಾ ಹೇಳಿದಳು, ಅವರಲ್ಲಿ ‘ನೆ’ ಎಂದರೆ ಹೌದು. ಅವನು ತನ್ನ ತಾಯಿಗೆ, ಬಂದರು, ಚೆನ್ನಾಗಿದ್ದಾರೆ, ಹೌದು ಹೌದು ಎನ್ನುತ್ತಿದ್ದನಂತೆ.

ವೋಲೋಸ್, ಮೊದಲ ದಿನಗಳು

ಮೂರನೆಯ ಮಾಳಿಗೆಯಲ್ಲಿ ರೇಣುಕಾನ ಮನೆ. ಎರಡನೆಯದರಲ್ಲಿ ಅವಳ ಅತ್ತೆ ಎಲೆನಿ. ಗಿಡ್ಡ ಹೆಂಗಸು, ಕರಿ ಬಟ್ಟೆ. ಗಂಡ ತೀರಿದವರು ಅಲ್ಲಿ ಕರಿ ಉಡುತ್ತಾರಂತೆ. ನನ್ನ ಹಸಿರು ಇಲಕಲ್ ಸೀರೆಯನ್ನು ನೋಡಿ, ಇವಳೂ ಗಂಡ ಇಲ್ಲದವಳು ಎಂದು ನಂಬಲು ಅವಳಿಗೆ ಎರಡು ದಿನ ಬೇಕಾಯಿತು.

ಮೊದಲ ದಿನವೇ ಅವಳು ಕೂಸಿನ ಮುಖದ ಹತ್ತಿರ ಬಗ್ಗಿ “ಫ್ತೂ, ಫ್ತೂ, ಫ್ತೂ” ಎಂದು ಉಗುಳಿದಳು. ನನಗೆ ಸಿಟ್ಟು ನೆತ್ತಿಗೇರಿತು. ರೇಣುಕಾ ಅವಸರದಿಂದ, “ದೊಡ್ಡವ್ವ, ಅದು ದೃಷ್ಟಿ ತಗಿಯೂದು. ಇವರದು ಹಿಂಗ” ಅಂದಳು. ದೃಷ್ಟಿಯನ್ನು ನಂಬುವವಳಾದರೆ ನಮ್ಮವಳೇ ಎಂದು ಸಮಾಧಾನವಾಯಿತು. ಸಂಜೆ ನಾನೂ ನಮ್ಮ ಪದ್ಧತಿಯಂತೆ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಬಾಣಲೆಗೆ ಹಾಕಿದೆ. ಛಾವಣಿಯಲ್ಲಿದ್ದ, ಹೊಗೆ ಕಂಡರೆ ಕೂಗುವ ಬಿಳಿ ಡಬ್ಬಿ ಕುಂಯ್ ಎಂದು ಅರಚತೊಡಗಿತು. ಪಕ್ಕದ ಮನೆಯವರು ಕೆಮ್ಮುತ್ತ ಓಡಿಬಂದರು. ಎಲೆನಿ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು, ಬಾಣಲೆ ನೋಡಿ, ವಿಷಯ ತಿಳಿದು, ಅವರನ್ನೆಲ್ಲ ತಾನೇ ಸಮಾಧಾನ ಮಾಡಿ ಕಳಿಸಿದಳು.

ಬಾಣಂತಿ ನಲವತ್ತು ದಿನ ಹೊಸ್ತಿಲು ದಾಟಬಾರದು ಎಂಬುದು ಅಲ್ಲಿಯೂ ಇದೆ. ಆದರೆ ಕೂಸಿಗೆ ಹೆಸರಿಲ್ಲ. ಚರ್ಚಿನಲ್ಲಿ ನೀರು ಹಾಕುವ ತನಕ ಎಲ್ಲ ಹೆಣ್ಣುಕೂಸೂ ‘ಬೇಬಾ’. ಕೂಸು ಹುಟ್ಟಿದ ಹನ್ನೆರಡನೆಯ ದಿನ ನಾನು ಸದ್ದಿಲ್ಲದೆ ಅದರ ಕಿವಿಯಲ್ಲಿ ನಮ್ಮ ಅವ್ವನ ಹೆಸರು ಹೇಳಿದೆ.

ಇಷ್ಟರಲ್ಲಿ ನನ್ನ ಜೀವ ಬಾಣಂತಿಯ ಮೇಲೆ ನೆಟ್ಟಿತ್ತು. ಹೆರಿಗೆಯಲ್ಲಿ ರೇಣುಕಾನಿಗೆ ಬಹಳ ರಕ್ತ ಹೋಗಿತ್ತು. ತುಟಿ ಬಿಳಿಚಿಕೊಂಡಿದ್ದವು. ಡಾಕ್ಟರು ಗುಳಿಗೆ ಕೊಟ್ಟು, ಚೆನ್ನಾಗಿ ಉಣ್ಣು, ಮಾಂಸ ತಿನ್ನು ಎಂದಿದ್ದರು. ನಾನು ಸಬ್ಬಸಗಿ ಪಲ್ಯ ಮಾಡಿದೆ, ಎರಡು ತುತ್ತಿಗೆ ತಾಟು ಸರಿಸಿದಳು. ಕುರಿಯ ಕಾಲಿನ ಸಾರು ಮಾಡಿದೆ, ವಾಸನೆಗೇ ಬಚ್ಚಲಿಗೆ ಓಡಿದಳು. ಬಸುರಿದ್ದಾಗಿನಿಂದ ಕುರಿ ಎಂದರೆ ವಾಕರಿಕೆಯಂತೆ. ಕೋಳಿ ಮುಟ್ಟಲಿಲ್ಲ. ನಾಲ್ಕು ಸಾಲು ಜನಕ್ಕೆ ದಿನಾ ಉಣಬಡಿಸುವ ನನಗೆ ಒಬ್ಬ ಹುಡುಗಿಯ ಹೊಟ್ಟೆ ತುಂಬಿಸಲು ಆಗುತ್ತಿರಲಿಲ್ಲ. ನಾನು ಬಂದ ಎಂಟನೆಯ ದಿನ ಬೆಳಿಗ್ಗೆ ಬಚ್ಚಲಲ್ಲಿ ದಡ್ ಎಂದು ಸಪ್ಪಳವಾಯಿತು. ತಲೆ ತಿರುಗಿ ಗೋಡೆಗೆ ಬಡಿದುಕೊಂಡು ಕುಸಿದಿದ್ದಳು. ಎತ್ತಿದರೆ ಕೈಗೆ ಭಾರವೇ ಹತ್ತಲಿಲ್ಲ.

ಬಾಲ್ಕನಿ

ಎರಡು ದಿನದ ಮೇಲೆ, ಮಧ್ಯಾಹ್ನ, ಒಣಗಿದ ದುಪ್ಪಟಿಗಳನ್ನು ತರಲು ಬಾಲ್ಕನಿಗೆ ಹೋದೆ. ಬಟ್ಟೆಗಳ ಹಿಂದೆ ರೇಣುಕಾ ಕುಕ್ಕರಗಾಲಲ್ಲಿ ಕೂತಿದ್ದಳು. ಬಾಯಿ ತುಂಬಿತ್ತು. ನನ್ನನ್ನು ಕಂಡದ್ದೇ ಕೈಯಲ್ಲಿದ್ದ ಕಾಗದದ ಪೊಟ್ಟಣವನ್ನು ಬೆನ್ನ ಹಿಂದೆ ಸರಿಸಿದಳು.

“ಏನದು?”

“ಏನಿಲ್ಲ, ದೊಡ್ಡವ್ವ.”

“ಬಾಯಿ ಒರಸ್ಕೊ ಮೊದಲ. ಏನ್ ತಿನ್ನಾಕತ್ತಿದ್ದಿ?”

ಅವಳು ಅಳತೊಡಗಿದಳು. “ಬಿಫ್ತೆಕಿ. ಅತ್ತಿ ಮಾಡ್ತಿದ್ಳು. ಬನ್ನಿನ್ಯಾಗ ಇಟ್ಟ ಬರ್ಗರ್ ಮಾಡಿ ಕೊಡ್ತಿದ್ಳು. ಬಸುರಿದ್ದಾಗ ಇದೊಂದ ನನ್ನ ಬಾಯಿಗೆ ಹತ್ತಿದ್ದು.” ಆಮೇಲೆ ತಲೆ ತಗ್ಗಿಸಿ, “ದನದ ಖಂಡದ್ದು, ದೊಡ್ಡವ್ವ” ಎಂದಳು.

ನಾನು ತಂತಿಯ ಮೇಲಿನ ದುಪ್ಪಟಿಯೊಂದನ್ನು ಎಳೆದು ಮಡಚತೊಡಗಿದೆ.

“ನೀ ಬರೂಕಿಂತ ಮೊದಲ ನಾನ ಅತ್ತಿಗೆ ಹೇಳೀದ್ದೆ,” ಎಂದು ಮುಂದುವರಿಸಿದಳು. “ನಮ್ಮ ದೊಡ್ಡವ್ವ ಇರೂತನಕ ಈ ಮನ್ಯಾಗ ಅದು ಬ್ಯಾಡ ಅಂತ. ಪಾಪ, ಅಕಿ ತನ್ನ ಮನ್ಯಾಗೂ ಮಾಡೂದು ಬಿಟ್ಟಾಳ. ಇವತ್ತ ನಿಕೋಸ್ ಹೊರಗಿಂದ ತಂದು ಕೊಟ್ಟ. ಆದ್ರ ಕದ್ದು ತಿಂದ್ರ ಗಂಟಲ್ದಾಗ ಇಳೀವಲ್ದು.”

ನಾನು ಅವಳನ್ನು ಉಣ್ಣಿಸಲು ಬಂದವಳು. ನಾನು ಬಂದದ್ದರಿಂದಲೇ ಅವಳ ಊಟ ನಿಂತಿತ್ತು.

ಒಳಗೆ ಬಂದು ಕೂತೆ. ನಮ್ಮ ಮನೆಯಲ್ಲಿ ಕುರಿ, ಕೋಳಿ, ಮೀನು ಎಲ್ಲ ನಡೆಯುತ್ತದೆ. ದನದ್ದು ಮಾತ್ರ ಇಲ್ಲ. ಅಪ್ಪನ ಎತ್ತುಗಳು ಕಣ್ಣ ಮುಂದೆ ಬಂದವು. ಮಣ್ಣೆತ್ತಿನ ಅಮಾವಾಸ್ಯೆಗೆ ಹೊಳೆಯ ದಂಡೆಯ ಜಿಗಟು ಮಣ್ಣು ತಂದು ನಾನೂ ಸಾಬವ್ವನೂ ಎತ್ತು ಮಾಡುತ್ತಿದ್ದೆವು. ಕೋಡಿಗೆ ಕುಸುಬಿ ಕಾಳು ಚುಚ್ಚಿ ಪೂಜೆಗೆ ಇಡುತ್ತಿದ್ದೆವು. ಅದೇ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತ ಕೂತೆ. ನಾನು ಮಾರಿ ತಿರುವಿ ಕೂತು, ಎಲೆನಿ ಮಾಡಿ ಹಾಕಲಿ ಎಂದುಬಿಡಬಹುದಿತ್ತು. ಆದರೆ ನನ್ನ ತಿರುವಿದ ಬೆನ್ನನ್ನು ನೋಡುತ್ತ ಆ ಹುಡುಗಿ ಹೇಗೆ ನುಂಗುತ್ತಾಳೆ? ಅವಳು ಹೆದರದೆ ಉಣ್ಣಬೇಕಾದರೆ ತಾಟು ನನ್ನ ಕೈಯಿಂದಲೇ ಬರಬೇಕು. ಎಷ್ಟು ತಿರುವಿ ಹಾಕಿದರೂ ಇದೇ ಉಳಿಯಿತು.

ಎದ್ದು ಹೋಗಿ ಹೇಳಿದೆ: “ನಾಳಿ ನಾನ ಮಾಡ್ತೀನಿ. ನಿಮ್ಮ ಅತ್ತಿಗೆ ಹೇಳು, ಕಲಿಸು ಅಂತ.”

“ದೊಡ್ಡವ್ವ, ನಿನ್ನ ಕೈಲೆ ಆಗಂಗಿಲ್ಲ.”

“ನಾ ತಿನ್ನಂಗಿಲ್ಲ ಅಂದೀನಿ. ಮಾಡಂಗಿಲ್ಲ ಅಂತ ಯಾವಾಗ ಅಂದೆ?”

ಮಾಂಸದಂಗಡಿ

ಎಲೆನಿ ನನ್ನ ತೋಳು ಹಿಡಿದು ಏರುರಸ್ತೆಯಲ್ಲಿ ಕರೆದುಕೊಂಡು ಹೋದಳು. ಅಂಗಡಿ ದವಾಖಾನೆಯ ಹಾಗೆ ಬೆಳ್ಳಗಿತ್ತು. ನೊಣವಿಲ್ಲ, ನಾಯಿಯಿಲ್ಲ. ಗಾಜಿನ ಹಿಂದೆ ಖಂಡವನ್ನು ಸೀರೆ ಅಂಗಡಿಯಲ್ಲಿ ಇಟ್ಟ ಹಾಗೆ ಸಾಲಾಗಿ ಜೋಡಿಸಿದ್ದರು. ಅಂಗಡಿಯವನು ದಪ್ಪ ಮೀಸೆಯ ಮನುಷ್ಯ. ಎಲೆನಿ ಬಾಗಿಲಲ್ಲಿ ಯಾರೋ ಗೆಳತಿ ಸಿಕ್ಕಳೆಂದು ಮಾತಿಗೆ ನಿಂತುಬಿಟ್ಟಳು. ನಾನೊಬ್ಬಳೇ ಮುಂದೆ.

ಅವನು ಒಂದು ಕೆಂಪು ತುಂಡನ್ನು ಎತ್ತಿ, ಇದೇನಾ ಎಂಬಂತೆ ಹುಬ್ಬು ಹಾರಿಸಿದ. ಭಾಷೆ ಬರದ ಕಡೆ ನಾನು ಹೈದರಾಬಾದಿ ಹಿಂದಿಗೆ ಇಳಿಯುವವಳು. “ವಹೀ, ವಹೀ” ಅಂದೆ, ಅದೇ ಎಂದು. ಅವನು ತುಂಡನ್ನು ಒಳಗಿಟ್ಟು ಬೇರೊಂದು ತೆಗೆದ. ಅದೂ ಚೆನ್ನಾಗಿಯೇ ಇತ್ತು. “ವಹೀ” ಅಂದೆ. ಅದನ್ನೂ ಇಟ್ಟ. ಮೂರನೆಯದು, ನಾಲ್ಕನೆಯದು. ನಾನು ಒಪ್ಪಿದಷ್ಟೂ ಅವನು ಹಿಂದೆ ತೆಗೆಯುತ್ತಾನೆ. ಮೀಸೆಯ ತುದಿ ನಡುಗತೊಡಗಿತು. ನಾನು ದನಿ ಏರಿಸಿದೆ: “ಅರೆ, ವಹೀ ಅಂದೆನಲ್ಲೋ!”

ಎಲೆನಿ ಓಡಿಬಂದಳು. ಅವರ ಭಾಷೆಯಲ್ಲಿ ‘ಓಹಿ’ ಎಂದರೆ ಬೇಡ ಎಂದು ನನಗೆ ಗೊತ್ತಾದದ್ದು ಮನೆಗೆ ಬಂದ ಮೇಲೆ. ಅವನ ಅಂಗಡಿಯ ಎಲ್ಲ ಮಾಲನ್ನೂ ನಾನು ಬೇಡ ಬೇಡ ಎಂದು ತಳ್ಳಿಹಾಕಿದ್ದೆ.

ಕೊನೆಗೆ ಎಲೆನಿಯೇ ಆರಿಸಿ ಖೀಮಾ ಮಾಡಿಸಿದಳು. ಯಂತ್ರದಿಂದ ಅದು ಎಳೆಎಳೆಯಾಗಿ ಬೀಳುವಾಗ ನಾನು ಕಣ್ಣು ತಿರುಗಿಸಬಾರದೆಂದು ಹಲ್ಲುಕಚ್ಚಿ ನೋಡಿದೆ. ಪೊಟ್ಟಣವನ್ನು ಅವಳು ತನ್ನ ಚೀಲಕ್ಕೆ ಹಾಕಿಕೊಳ್ಳಲು ಹೋದಳು. ಕೈಚಾಚಿ ಇಸಿದುಕೊಂಡೆ. ಇಳಿಜಾರಿನಲ್ಲಿ ಇಡೀ ದಾರಿ ನಾನೇ ಹೊತ್ತೆ. ತಣ್ಣಗೆ, ಭಾರವಾಗಿ, ಬೇರೆ ಯಾವುದೇ ಖಂಡದ ಹಾಗೆಯೇ ಇತ್ತು.

ಎಲೆನಿಯ ಅಡುಗೆಮನೆ

ಮುಂಗೈಯಲ್ಲಿದ್ದ ದೇವರ ದಾರವನ್ನು ಬಿಚ್ಚಿ ಕಿಟಕಿಯ ಮೊಳೆಗೆ ಹಾಕಿದೆ. ಎಲೆನಿ ನೋಡಿದಳು. ತನ್ನ ಬೆರಳಿನ ಎರಡು ಉಂಗುರಗಳನ್ನು ತೆಗೆದು ಅದೇ ಮೊಳೆಗೆ ಸಿಕ್ಕಿಸಿದಳು.

ಹೆಚ್ಚಿನ ಸಾಮಾನೇನೂ ಬೇಡ. ಉಳ್ಳಾಗಡ್ಡಿಯನ್ನು ತುರಿದು ಹಾಕಿದಳು. ನೀರಲ್ಲಿ ನೆನೆಸಿ ಹಿಂಡಿದ ಹಳೆಯ ಬ್ರೆಡ್ಡು, ಸಣ್ಣಗೆ ಹೆಚ್ಚಿದ ಪುದೀನಾ, ಆಲಿವ್ ಎಣ್ಣೆ. ಆಮೇಲೆ ಅಂಗೈಯಲ್ಲಿ ತಿಕ್ಕಿ ಉದುರಿಸಿದ ಒಂದು ಒಣ ಸೊಪ್ಪು, ರೀಗಾನಿ ಎನ್ನುತ್ತಾರೆ. ಮೂಸಿದೆ, ನಮ್ಮ ಅಜಿವಾನದ ಅಕ್ಕತಂಗಿಯಂತಿತ್ತು. ಪರಊರಲ್ಲಿ ಪರಿಚಯದವರು ಸಿಕ್ಕ ಹಾಗಾಯಿತು.

ಕೈ ಹಾಕಿದೆ. ಮೊದಲ ಹಿಡಿಗೇ ಹಿಂದಕ್ಕೆ ಎಳೆದುಕೊಂಡೆ. ಕಣ್ಣು ಮುಚ್ಚಿ ರೇಣುಕಾ ಬಚ್ಚಲಲ್ಲಿ ಬಿದ್ದದ್ದನ್ನು ನೆನೆದೆ, ಕೈ ಮುಂದೆ ಸಾಗಿತು. ಸಾಗಿತೆಂದರೆ ಹಟಕ್ಕೆ ಬಿದ್ದ ಹಾಗೆ. ಜೋಳದ ಹಿಟ್ಟಿನ ಹಾಗೆ ನಾದಿದೆ, ತಿಕ್ಕಿದೆ, ಗುದ್ದಿದೆ. ಎಲೆನಿ ಪಕ್ಕದಿಂದ “ಓಹಿ, ಓಹಿ!” ಎನ್ನುತ್ತಿದ್ದಳು. ಅರ್ಥ ಗೊತ್ತಿದ್ದರೂ ಕೈ ನಿಲ್ಲಲಿಲ್ಲ. ರೊಟ್ಟಿಯ ಹಾಗೆ ತೆಳ್ಳಗೆ ಬಡಿದು ಹಂಚಿಗೆ ಹಾಕಿದೆ. ಅವು ಮುದುಡಿ ಮುದುಡಿ ಚಪ್ಪಲಿಯ ತುಂಡುಗಳಾದವು. ಆದರೂ ಮೇಲಿನ ಮನೆಗೆ ಒಯ್ದೆ. ನಿಕೋಸ್ ಒಂದನ್ನು ಬನ್ನಿನಲ್ಲಿಟ್ಟು ಬಹಳ ಹೊತ್ತು ಅಗಿದ. ನುಂಗಲೂ ಆರ, ಉಗುಳಲೂ ಆರ. ಅವನ ಮುಖ ನೋಡಿ ರೇಣುಕಾ ನಕ್ಕಳು. ನಾನು ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಆದರೆ ತಾಟು ಖಾಲಿಯಾಗಲಿಲ್ಲ.

“ಬಿಡು ದೊಡ್ಡವ್ವ, ಅತ್ತಿ ಮಾಡ್ಲಿ.”

“ನಾಳಿ ಮತ್ತ ಮಾಡ್ತೀನಿ,” ಅಂದೆ.

ಮರುದಿನ ಎಲೆನಿ ನನ್ನ ಎರಡೂ ಕೈಗಳನ್ನು ತನ್ನ ಕೈಯಲ್ಲಿ ಹಿಡಿದು ತೋರಿಸಿದಳು: ಹಗುರ, ಹಗುರ. ಕೂಸನ್ನು ಮೀಯಿಸಿದಂತೆ. ಬೆರೆತರೆ ಸಾಕು, ನಾದಬಾರದು. ದಪ್ಪಗಿರಬೇಕು. ಎರಡು ಅಂಗೈ ನಡುವೆ ಮೆಲ್ಲಗೆ ತಟ್ಟಿ, ನಡುವೆ ಬೆರಳಿಂದ ಒತ್ತಿ ಸಣ್ಣ ಗುಳಿ ಮಾಡಬೇಕು. ಉಪ್ಪು ನೋಡುವಾಗ ನಾನು ತಡವರಿಸಿದೆ. ಜೀವಮಾನದಲ್ಲಿ ರುಚಿ ನೋಡದೆ ಯಾರಿಗೂ ಬಡಿಸಿದವಳಲ್ಲ. ಎಲೆನಿ ಅಡಕಿಯಷ್ಟು ಖೀಮಾ ಹುರಿದು ತಾನು ಬಾಯಿಗೆ ಹಾಕಿಕೊಂಡು, ಹೆಬ್ಬೆರಳು ತೋರುಬೆರಳು ಕೂಡಿಸಿ ತೋರಿಸಿದಳು: ಇನ್ನೊಂದು ಚಿಟಿಕೆ. ಹಾಕಿದೆ. ಮತ್ತೆ ತಿಂದಳು. “ನೆ!” ಅಂದಳು.

ಅವರ ಬಿಫ್ತೆಕಿಯ ಹೊಟ್ಟೆಯೊಳಗೆ ಫೆಟಾ ಎಂಬ ಉಪ್ಪುಪ್ಪು ಚೀಸ್ ಇಡುತ್ತಾರೆ, ಪನೀರಿನ ಹಾಗೆ ಪುಡಿಯಾಗುವಂಥದ್ದು. ಎಲೆನಿಯದು ಹಂಚಿನ ಮೇಲೆ ಒಡೆದು ಚೀಸ್ ಸುರಿದುಹೋಯಿತು. ಯಾವಾಗಲೂ ಹಾಗೆಯೇ ಎಂಬಂತೆ ಅವಳು ಭುಜ ಕುಣಿಸಿದಳು. ಇಲ್ಲಿ ನನಗೆ ಧೈರ್ಯ ಬಂತು. ಕಣಕದಲ್ಲಿ ಹೂರಣ ಇಟ್ಟು ಹೋಳಿಗೆ ತುಂಬಿದ ಕೈ ಇದು. ಅಂಗೈ ಬಟ್ಟಲು ಮಾಡಿ, ಚೀಸ್ ಇಟ್ಟು, ಅಂಚನ್ನು ಸುತ್ತ ಎಳೆದು ಕೂಡಿಸಿ, ಮಡಿಕೆ ಕೆಳಗೆ ಬರುವಂತೆ ತಿರುವಿ ಹಂಚಿಗೆ ಬಿಟ್ಟೆ. ಚುರ್ ಎಂದಿತು. ಮುಟ್ಟದೆ ಕಾದೆ. ಒಂದೇ ಸಲ ಮಗುಚಿದೆ. ಆರರಲ್ಲಿ ಒಂದೂ ಒಡೆಯಲಿಲ್ಲ. ಎಲೆನಿ ಹಂಚಿನ ಮೇಲೆ ಬಗ್ಗಿ ನೋಡಿ, ನನ್ನ ಮುಖ ನೋಡಿ, “ಫ್ತೂ, ಫ್ತೂ, ಫ್ತೂ” ಎಂದು ನನ್ನ ಕೈಗಳಿಗೇ ದೃಷ್ಟಿ ತೆಗೆದಳು.

ಬನ್ನನ್ನು ಕಾಯಿಸಿ, ಬೆಳ್ಳುಳ್ಳಿ ಹಾಕಿದ ಗಟ್ಟಿ ಮೊಸರಿನ ಸೌತಿಕಾಯಿ ಪಚಡಿ ಸವರಿ, ಮೇಲೆ ಬಿಫ್ತೆಕಿ, ಟೊಮ್ಯಾಟೊ, ಉಳ್ಳಾಗಡ್ಡಿ ಇಟ್ಟು ಮಾಳಿಗೆ ಹತ್ತಿದೆ. ರೇಣುಕಾ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ತಾಟನ್ನು ಮುಂದಿಟ್ಟು ಎದುರಿಗೇ ಕೂತೆ. ಅವಳು ತಾಟನ್ನೂ ನನ್ನನ್ನೂ ನೋಡುತ್ತಿದ್ದಳು.

“ನನ್ನ ಮಾರಿ ಏನ್ ನೋಡ್ತಿ? ಆರತದ, ಉಣ್ಣು.”

ಎರಡು ಕೈಯಲ್ಲಿ ಹಿಡಿದು ಕಚ್ಚಿದಳು. ಗಲ್ಲದ ಮೇಲೆ ಮೊಸರು ಇಳಿಯಿತು. ಒರೆಸಿಕೊಳ್ಳಲಿಲ್ಲ. ಒಂದನ್ನು ಪೂರ್ತಿ ಮುಗಿಸಿದಳು. ಆಮೇಲೆ ಬೆರಳು ನೆಕ್ಕುತ್ತ, “ಇನ್ನೊಂದ್ ಅದನ?” ಎಂದಳು.

ನಾನು ಕೆಳಗೆ ಎಲೆನಿಯ ಅಡುಗೆಮನೆಗೆ ತರಲು ಹೋದವಳು ಅಲ್ಲಿ ಸಿಂಕಿನ ಮುಂದೆ ನಿಂತು ಸ್ವಲ್ಪ ಹೊತ್ತು ಅತ್ತೆ. ಪಾಪ ಮಾಡಿದೆ ಎಂದಲ್ಲ, ಪುಣ್ಯ ಮಾಡಿದೆ ಎಂದೂ ಅಲ್ಲ. ಅಷ್ಟು ದಿನದ ಹೆದರಿಕೆ ಇಳಿದದ್ದಕ್ಕೆ ಇರಬೇಕು.

ಆಮೇಲೆ ವಾರಕ್ಕೆ ಮೂರು ಸಲ ಮಾಡಿದೆ. ನಾನು ಒಮ್ಮೆಯೂ ತಿನ್ನಲಿಲ್ಲ, ಯಾರೂ ತಿನ್ನು ಎನ್ನಲಿಲ್ಲ. ನಲವತ್ತು ದಿನ ತುಂಬಿದಾಗ ರೇಣುಕಾ ಕೂಸನ್ನು ಎತ್ತಿಕೊಂಡು ಮೂರು ಮಾಳಿಗೆ ತಾನೇ ಇಳಿದು ಚರ್ಚಿಗೆ ನಡೆದಳು. ಹಿಂದಿನಿಂದ ಎಲೆನಿಯೂ ನಾನೂ ಅವಳ ಕಾಲನ್ನೇ ನೋಡುತ್ತ ಇಳಿದೆವು.

ಯಾದಗಿರಿ, ಶಹಾಪುರ

ಸಾಬವ್ವ ಯಾದಗಿರಿ ಸ್ಟೇಷನ್ನಿಗೆ ಬಂದಿದ್ದಳು. ಸುರಪುರದ ಬಸ್ಸು ಹತ್ತಿದೆವು. ಸಗರಕ್ಕೆ ಹೋಗಲು ಅವಳು ಶಹಾಪುರದಲ್ಲಿ ಇಳಿಯಬೇಕು. ಅಷ್ಟರೊಳಗೆ ಹೇಳಿಬಿಡಬೇಕೆಂದು ವಿಮಾನದಲ್ಲೇ ನಿಶ್ಚಯ ಮಾಡಿದ್ದೆ. ಫೋನಿನಲ್ಲಿ ಅವಳು ಕೇಳಿದಾಗಲೆಲ್ಲ “ಚಂದ ಉಣ್ಣಾಕತ್ತಾಳ” ಎಂದಿದ್ದೆ, ಏನು ಎಂದು ಹೇಳಿರಲಿಲ್ಲ. ಅದು ಸುಳ್ಳಲ್ಲ, ಆದರೆ ಎದೆಯಲ್ಲಿ ಕೂತಿತ್ತು.

ಭೀಮಾ ಸೇತುವೆ ದಾಟುವಾಗ ದನಿ ತಗ್ಗಿಸಿ ಎಲ್ಲ ಹೇಳಿದೆ. ಬಚ್ಚಲಲ್ಲಿ ಬಿದ್ದದ್ದು, ಬಾಲ್ಕನಿ, ಅಂಗಡಿ, ನನ್ನ ಕೈ.

ಅವಳು ಕಿಟಕಿಯ ಕಡೆ ಮುಖ ಮಾಡಿದಳು. ಹತ್ತಿಯ ಹೊಲಗಳು ಹಿಂದೆ ಸರಿದವು. ಬಸ್ಸು ನಿಂತಿತು, ಜನ ಹತ್ತಿದರು, ಇಳಿದರು. ಅವಳು ಸೆರಗನ್ನು ಬಿಗಿಹಿಡಿದು ಕೂತೇ ಇದ್ದಳು. ನಾನೂ ಸಮಜಾಯಿಷಿ ಹೇಳಲಿಲ್ಲ. ಮಾಡಿದ್ದು ಮಾಡಿದ್ದೇ. ಅವಳು ನನ್ನ ಮನೆಗೆ ಬರುವುದು ಬಿಟ್ಟರೂ ಮತ್ತೆ ಅದನ್ನೇ ಮಾಡುತ್ತೇನೆ ಎಂಬುದು ಗೊತ್ತಿತ್ತು.

ಶಹಾಪುರ ಬಂತು. ಅವಳು ಎದ್ದಳು. ಬಾಗಿಲ ತನಕ ಹೋಗಿ, ಕಂಡಕ್ಟರ್ ಶೀಟಿ ಊದುತ್ತಿದ್ದರೂ ತಿರುಗಿ ನನ್ನ ಸೀಟಿಗೆ ಬಂದಳು.

“ಅಕ್ಕಾ, ಎಷ್ಟ ತಿಂತಿದ್ಳು?”

“ಒಮ್ಮಿಗೆ ಎರಡು.”

“ಬೇಡಿ ಬೇಡಿ ಹಾಕ್ಸ್ಕೊಂತಿದ್ಳಾ?”

“ಬೇಡಿ ಹಾಕ್ಸ್ಕೊಂತಿದ್ಳು.”

ಅವಳ ಕಣ್ಣು ತುಂಬಿಕೊಂಡವು. “ಇನ್ನೊಂದ್ ಹಡಿಯಾಕ ನಿಂತ್ರ ನಾ ಹೋಗ್ತೀನಿ,” ಎಂದಳು. “ಹೆಂಗ ಮಾಡೂದು, ನನಗ ತೋರಿಸು.”

“ಇಳೀರಿ ಇಲ್ಲಾ ಕುಂದರ್ರಿ, ಟೈಂ ಆಗ್ಯಾದ!” ಎಂದು ಕಂಡಕ್ಟರ್ ಕೂಗಿದ.

ನಾನು ಚೀಲ ಎತ್ತಿಕೊಂಡು ಇಳಿದೆ. ಸುರಪುರದ ಬಸ್ಸು ನಮ್ಮನ್ನು ಬಿಟ್ಟು ಹೋಯಿತು. ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಅಕ್ಕತಂಗಿ ಎದುರುಬದುರಾಗಿ ಕೂತೆವು. ಅವಳು ಬಳೆ ಹಿಂದೆ ಸರಿಸಿ ಎರಡೂ ಅಂಗೈ ಚಾಚಿದಳು.

“ಮೊದಲ ಕೈ ತಣ್ಣೀರಾಗ ತೋಯಿಸ್ಕೋಬೇಕು,” ಎಂದು ಶುರು ಮಾಡಿದೆ.